ಹನ್ನೆರಡನೆಯ ಎಲೆ

೧೯೫೮, ಆಗಸ್ಟ್ ೩, ಸಂಜೆ ಐದೂ ಮುಕ್ಕಾಲು. ನನ್ನ ದಿನಚರಿಯಲ್ಲಿ ಹೀಗಿದೆ. ಅದಕ್ಕೆ ಮೊದಲು ಇಂಥ ಸಂಗತಿಯನ್ನು ಯಾರಾದರೂ ಹೇಳಿದರೆ ನಾನು ನಗುತ್ತಿದ್ದೆ. ಅದನ್ನು ಒಪ್ಪಿಕೊಂಡೇ ಬರೆಯುತ್ತಿದ್ದೇನೆ.

ಇನ್ನಂಜೆಯ ನಮ್ಮ ಮನೆಯಲ್ಲಿ ಮಳೆಗಾಲದ ಆಟಿ ತಿಂಗಳ ಒಂದು ದಿನ ತೀರಿಹೋದ ಹಿರಿಯರಿಗೆ ಬಡಿಸುವ ಕ್ರಮವಿದೆ. ಒಬ್ಬೊಬ್ಬರಿಗೆ ಒಂದೊಂದು ಬಾಳೆಲೆ. ಅನ್ನ, ಕೋಳಿ ಪದಾರ್ಥ, ಎಳನೀರು. ಬಡಿಸಿದ ಮೇಲೆ ಚಾವಡಿಯ ಬಾಗಿಲು ಹಾಕಿ ಎಲ್ಲರೂ ಸ್ವಲ್ಪ ಹೊತ್ತು ಜಗಲಿಯಲ್ಲಿ ನಿಲ್ಲಬೇಕು. ಪರ್ಕಳದಲ್ಲಿ ಬಾಡಿಗೆ ಕೋಣೆ ಹಿಡಿದು ಶಾಲೆಯಲ್ಲಿ ಕಲಿಸುತ್ತಿದ್ದ ನಾನು ಅದಕ್ಕಾಗಿ ಬಂದಿದ್ದೆ. ಎಲೆ ಕಡಿಯುವುದು, ಎಣಿಸುವುದು ನನ್ನ ಕೆಲಸ. ಅಜ್ಜಿಗೆ ಕಣ್ಣು ಪೂರ್ತಿ ಮಂಜಾಗಿತ್ತು.

ಆ ಮಧ್ಯಾಹ್ನ ಅಮ್ಮನಿಗೂ ಅಜ್ಜಿಗೂ ಮಾತು ಬೆಳೆಯಿತು. ಅಜ್ಜಿಯ ಮಗ, ಅಮ್ಮನ ತಮ್ಮ ವಾಸುಮಾವ ಕೊಲಂಬೊದ ಹೋಟೆಲೊಂದಕ್ಕೆ ಅಡುಗೆ ಕೆಲಸಕ್ಕೆ ಹೋದವರು. ಆರು ವರ್ಷದಿಂದ ಕಾಗದವಿಲ್ಲ. ಸತ್ತಿದ್ದರೆ ಹಸಿದುಕೊಂಡು ಅಲೆಯುವುದು ಬೇಡ, ಅವನಿಗೂ ಒಂದು ಎಲೆ ಹಾಕುವ ಎಂದು ಅಮ್ಮನ ವಾದ.

"ಬದುಕಿದವನಿಗೆ ಎಲೆ ಹಾಕಿ ಕೊಲ್ಲುವುದು ಎಂತ ಕ್ರಮ?" ಎಂದರು ಅಜ್ಜಿ. "ನಿನಗೆ ಅಷ್ಟು ಅವಸರ ಉಂಟಾದರೆ ಮೊದಲು ನನಗೊಂದು ಹಾಕು."

ಹಾಗೆ ಹನ್ನೊಂದೇ ಎಲೆ. ಬಾಗಿಲು ಎಳೆಯುವ ಮೊದಲು ಎರಡು ಸಲ ಎಣಿಸಿದ್ದೆ. ಒಳಬಾಗಿಲಿಗೆ ಚಾವಡಿಯ ಕಡೆಯಿಂದಲೇ ಅಗಳಿ ಹಾಕಿತ್ತು. ಹದಿನೈದು ನಿಮಿಷ ಮೂವರೂ ಜಗಲಿಯಲ್ಲೇ ಇದ್ದೆವು. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ.

ಮೊದಲು ಒಳಗೆ ಹೋದವನು ನಾನು. ಸಾಲಿನ ಕೊನೆಯಲ್ಲಿ ಹನ್ನೆರಡನೆಯ ಎಲೆಯಿತ್ತು. ಉಳಿದವು ಬಡಿಸಿದ ಹಾಗೆಯೇ ಇದ್ದವು. ಇದರಲ್ಲಿ ಮಾತ್ರ ಅನ್ನ ಕಲಸಿತ್ತು. ಎರಡು ತುತ್ತು ತೆಗೆದ ಹಾಗಿತ್ತು.

"ಎಷ್ಟು ಉಂಟು ಮಗಾ?" ಜಗಲಿಯಿಂದ ಅಜ್ಜಿ ಕೇಳಿದರು. ಬೇರೆ ವರ್ಷ ಅವರು ಹಾಗೆ ಕೇಳಿದ್ದಿಲ್ಲ.

"ಹನ್ನೊಂದು."

"ಸರಿ ನೋಡಿದೆಯಾ?"

"ನೋಡಿದೆ ಅಜ್ಜಿ."

ಎಲೆಯನ್ನು ಮಡಚಿ, ಅಗಳಿ ತೆಗೆದು, ಹಿತ್ತಿಲ ತೆಂಗಿನ ಬುಡದಲ್ಲಿ ಹೂತೆ. ದಿನಚರಿಯಲ್ಲೂ ಹನ್ನೊಂದು ಎಂದೇ ಬರೆದೆ. ನಾನು ಬೇಕೆಂದೇ ತಪ್ಪು ಬರೆದ ಲೆಕ್ಕ ಅದೊಂದೇ. ಮರುದಿನ ಬೆಳಿಗ್ಗೆ ಬಾಳೆಗಿಡಗಳನ್ನು ಪರೀಕ್ಷಿಸಿದೆ. ಹೊಸದಾಗಿ ಕಡಿದ ಗುರುತುಗಳು ಹನ್ನೊಂದೇ ಇದ್ದವು.

ಹೇಗೋ ಅಮ್ಮನೇ ಇಟ್ಟಿರಬೇಕೆಂದು ನಾಲ್ಕು ವರ್ಷ ಸಂಶಯಪಟ್ಟೆ. ಕೊನೆಗೆ ಕೇಳಿಯೇ ಬಿಟ್ಟೆ. ಅವಳು ನನ್ನ ಮುಖವನ್ನೇ ನೋಡಿದಳು.

"ನೀನೇ ಇಟ್ಟದ್ದು ಅಲ್ವಾ? ನೀನು ಅದನ್ನು ಹೂಳುವುದನ್ನು ಕಂಡಿದ್ದೆ. ನಾನು ಹಾಗೆಯೇ ಗ್ರಹಿಸಿದ್ದು."

ಈಗ ೧೯೬೪. ಅಜ್ಜಿ ಇನ್ನೂ ಮಾವನ ಚಾಪೆಯನ್ನು ಬಿಸಿಲಿಗೆ ಹಾಕಿಸುತ್ತಾರೆ. ನನ್ನ ಒಂದು ಮಾತನ್ನು ನಂಬಿಕೊಂಡು ಅವರು ಕಾಯುತ್ತಿದ್ದಾರೆಯೇ, ನನಗೆ ತಿಳಿಯದು. ಸುಮಾರು ಐವತ್ತೆರಡರಲ್ಲಿ ಕೊಲಂಬೊದಲ್ಲಿದ್ದವರು, ಎಡಗೈಯ ಕಿರುಬೆರಳು ಅರ್ಧವೇ ಇದ್ದ, ಕಾಪು ಕಡೆಯ ವಾಸು ಎಂಬ ಅಡುಗೆಯವರನ್ನು ಕಂಡಿದ್ದರೆ ದಯವಿಟ್ಟು ಈ ಪತ್ರಿಕೆಯ ಮೂಲಕ ನನಗೆ ತಿಳಿಸಿ. ಮನೆಗೆ ಮಾತ್ರ ಬರೆಯಬೇಡಿ. ಅಂಚೆ ಬಂದ ಕೂಡಲೇ ಅಜ್ಜಿ ನೆರೆಯವರಿಂದ ಓದಿಸಿ ಕೇಳುತ್ತಾರೆ.