ನಾಯಿಯ ಆರನೆಯ ಮೆಟ್ಟಿಲು

ಮಂಡಿಯ ಆಪರೇಷನ್ ಆದ ಮೇಲೆ ನಮ್ಮ ಯಜಮಾನರು ಯಾರು ಹೇಳಿದರೂ ನಡೆಯುತ್ತಿರಲಿಲ್ಲ. ಡಾಕ್ಟರು ಗದರಿದರು, ಮಗಳು ಫೋನಿನಲ್ಲಿ ಅತ್ತಳು, ನಾನು ವೇಳಾಪಟ್ಟಿ ಬರೆದು ಫ್ರಿಜ್ಜಿಗೆ ಅಂಟಿಸಿದೆ. ಅವರು ಕುರ್ಚಿ ಬಿಡಲಿಲ್ಲ. ಕೊನೆಗೆ ಅವರನ್ನು ನಡೆಸಿದ್ದು ದೆಹಲಿಯ ಮಯೂರ್ ವಿಹಾರಿನ ನಮ್ಮ ಫ್ಲ್ಯಾಟ್ ಸೊಸೈಟಿಯ ಗೇಟಿನಲ್ಲಿ ಮಲಗುತ್ತಿದ್ದ ಒಂದು ಕಂದು ಬೀದಿನಾಯಿ. ಅದಕ್ಕೆ ಚಪಾತಿ ಹಾಕಲು ಇಳಿದವರು ಅದರ ಹಿಂದೆಯೇ ಪಾರ್ಕಿಗೆ ಒಂದು ಸುತ್ತು ಬಂದರು. ಮರುದಿನವೂ ಹೋದರು.

ಅಷ್ಟರಲ್ಲಿ ಸೊಸೈಟಿಯ ನೋಟಿಸು ಬಂತು: ತರಬೇತಿ ಇಲ್ಲದ ನಾಯಿಗಳನ್ನು ಹೊರಗೆ ಕಳಿಸಲಾಗುವುದು.

"ಅದು ಹೋದ್ರೆ ನಾನೂ ಕೆಳಗಿಳಿಯಲ್ಲ ಕಣೇ," ಎಂದರು.

"ಹಾಗಾದ್ರೆ ತರಬೇತಿ ಕೊಡೋಣ."

"ನಾಯಿಗಾ?"

"ಅಂಡರ್ ಸೆಕ್ರೆಟರಿಗಳಿಗೇ ಕೊಟ್ಟಿದ್ದೀನಿ."

ನಾನು ಸರ್ಕಾರಿ ತರಬೇತಿ ಸಂಸ್ಥೆಯಿಂದ ನಿವೃತ್ತಳಾದವಳು. ಕಲಿಕೆಯ ಉದ್ದೇಶಗಳನ್ನು ಬರೆಯುವುದೇ ನನ್ನ ಕೆಲಸವಾಗಿತ್ತು. ಯೋಚನೆಗೆ ಆರು ಮೆಟ್ಟಿಲು: ನೆನಪಿಡುವುದು, ಅರ್ಥ ಮಾಡಿಕೊಳ್ಳುವುದು, ಬಳಸುವುದು, ಬಿಡಿಸಿ ನೋಡುವುದು, ತೂಗಿ ನೋಡುವುದು, ಹೊಸದನ್ನು ರಚಿಸುವುದು. ಪ್ರತಿ ಮೆಟ್ಟಿಲಿಗೂ ಕಣ್ಣಿಗೆ ಕಾಣುವ ಕ್ರಿಯೆಯೊಂದು ಬೇಕು. 'ತಿಳಿಯುವುದು' ಎಂದು ಬರೆದರೆ ಕಡತ ವಾಪಸ್ಸು. ತಿಳಿದದ್ದನ್ನು ಯಾರು ಕಂಡಿದ್ದಾರೆ?

ಆ ಸಂಜೆಯೇ ಕುಳಿತು ಬರೆದೆ. ತರಬೇತಿಯ ಕೊನೆಗೆ ನಾಯಿಯು ತನ್ನ ಗೇಟನ್ನು ಗುರುತಿಸುವುದು; 'ಬೈಠ್' ಎಂದರೆ ಕುಳಿತು ತೋರಿಸುವುದು; ಲಿಫ್ಟಿನ ಮುಂದೆ ಸರದಿ ಕಾಯುವುದು; ನಿವಾಸಿಗಳನ್ನೂ ಡೆಲಿವರಿಯವರನ್ನೂ ಬೇರ್ಪಡಿಸುವುದು; ಬೊಗಳಬೇಕೋ ಬೇಡವೋ ತೀರ್ಮಾನಿಸುವುದು. ಆರನೆಯದಕ್ಕೆ ಪೆನ್ನು ನಿಂತಿತು. ಆದರೆ ಐದಕ್ಕೇ ಬಿಡುವುದು ನನ್ನ ಅಭ್ಯಾಸವಲ್ಲ. 'ಹೊಸದೊಂದನ್ನು ರಚಿಸುವುದು' ಎಂದು ಬರೆದು ಸಹಿ ಹಾಕಿದೆ.

ಸಮಿತಿಯವರೆಲ್ಲ ನಿವೃತ್ತ ಅಧಿಕಾರಿಗಳು. ಭಾನುವಾರದ ಸಭೆಗೆ ನಾಯಿಯನ್ನು ಓಡಿಸಲೆಂದೇ ಬಂದಿದ್ದರು. ಹಾಳೆ ಕೈಗೆ ಬಂದದ್ದೇ ತಡ, ಎಲ್ಲರೂ ಜೇಬಿನಿಂದ ಪೆನ್ನು ತೆಗೆದರು.

"ಮೇಡಂ, ಗುರುತಿಸೂದನ್ನ ಹೆಂಗ್ರೀ ಅಳೀತೀರಿ?" ಎಂದರು ಧಾರವಾಡದ ಕಡೆಯವರಾದ ಸೆಕ್ರೆಟರಿ. "ಬಾಲ ಅಲ್ಲಾಡಿಸೂದು ಅಂತ ಹಾಕ್ರಿ."

'ಬೇರ್ಪಡಿಸುವುದು' ನಾಲ್ಕನೆಯ ಮೆಟ್ಟಿಲೋ ಎರಡನೆಯದೋ ಎಂದು ಖಜಾಂಚಿ ಹಿಂದಿಯಲ್ಲಿ ವಾದ ಹೂಡಿದರು. ಚಹಾ ಬಂತು, ಆರಿತು.

"ಮೇಡಂಜೀ, ನಾಯಿ ಏನನ್ನು ರಚಿಸುತ್ತದೆ?" ಅಧ್ಯಕ್ಷರು ಕೇಳಿದರು.

"ಗುಂಡಿ, ಸಾಬ್," ಎಂದರು ಖಜಾಂಚಿ. "ನಿಮ್ಮ ತುಳಸಿ ಕುಂಡದಲ್ಲಿ ಆಗಲೇ ರಚಿಸಿದೆ."

"ಗುಂಡಿ ಎಲ್ಲ ನಾಯಿಗಳೂ ತೋಡುತ್ತವೆ. ಹೊಸದೇನು ಬಂತು ಅದರಲ್ಲಿ?"

ನನ್ನ ಹಿಂದಿನ ಸಾಲಿನಲ್ಲಿ ಯಜಮಾನರು ಮಂಡಿ ಹಿಡಿದು ಕುಳಿತಿದ್ದರು. ಅವರ ಕಾಲ ಬಳಿ ನಾಯಿ ಗೊರಕೆ ಹೊಡೆಯುತ್ತಿತ್ತು.

"ಮೊದಲನೇ ಮೆಟ್ಟಿಲಲ್ಲೇ ನಿದ್ದೆ ಮಾಡ್ತಿದೆಯಲ್ಲೇ," ಎಂದು ಪಿಸುಗುಟ್ಟಿದರು.

"ಅಂಡರ್ ಸೆಕ್ರೆಟರಿಗಳೂ ಹಾಗೇ ಮಾಡ್ತಿದ್ರು. ಸುಮ್ನಿರಿ."

ಕೊನೆಗೆ ಆರನೆಯ ಉದ್ದೇಶವನ್ನು ಉಪಸಮಿತಿಗೆ ಒಪ್ಪಿಸಲಾಯಿತು. ಅಲ್ಲಿಯವರೆಗೆ ನಾಯಿಯ ಗತಿ? ತುಳಸಿ ಕಳೆದುಕೊಂಡ ಅಧ್ಯಕ್ಷರೇ ಗಂಭೀರವಾಗಿ ಹೇಳಿದರು: "ತರಬೇತಿಯ ನಡುವೆ ಟ್ರೇನಿಯನ್ನು ವರ್ಗ ಮಾಡುವಂತಿಲ್ಲ."

ಅಂದಿನಿಂದ ಪ್ರತಿ ತಿಂಗಳು ನಾನು ಆರನೆಯ ಮೆಟ್ಟಿಲಿಗೆ ಹೊಸ ಕ್ರಿಯಾಪದ ಒಯ್ಯುತ್ತೇನೆ, ಅವರು ತಪ್ಪು ಹುಡುಕಿ ಹಿಂದಿರುಗಿಸುತ್ತಾರೆ. ಯಜಮಾನರು ಈಗ ಕೋಲಿಲ್ಲದೆ ಪಾರ್ಕು ಸುತ್ತುತ್ತಾರೆ.

ಕಳೆದ ಸಲ ಮಾತ್ರ ಎಲ್ಲ ಕೆಡುವುದರಲ್ಲಿತ್ತು. ಸೆಕ್ರೆಟರಿ ಹಾಳೆಯನ್ನು ಮೇಲಿಂದ ಕೆಳಗೆ ಓದಿ, "ಎಲ್ಲಾ ಸರಿ ಐತ್ರೀ ಮೇಡಂ. ಪಾಸ್ ಮಾಡಿ ಪರೀಕ್ಷೆ ಇಟ್ಟಬಿಡೂಣು," ಎಂದರು.

ಪರೀಕ್ಷೆ! ನಾಯಿ ಇವತ್ತಿಗೂ 'ಬೈಠ್' ಎಂದರೆ ನನ್ನ ಮುಖ ನೋಡುತ್ತದೆ.

"ಇಲ್ಲಿ 'ಅರಿತು' ಅಂತ ಬಿದ್ದಿದೆ ನೋಡಿ," ಎಂದೆ. "ಅರಿತದ್ದನ್ನು ಅಳೆಯೋದು ಹೇಗೆ?"

"ಅಯ್ಯ, ಹೌದಲ್ರೀ!" ಅವರು ಬಹಳ ಸಂತೋಷದಿಂದ ಅದನ್ನು ಹೊಡೆದುಹಾಕಿ ಹಾಳೆಯನ್ನು ವಾಪಸ್ಸು ಕೊಟ್ಟರು.

ಕೆಳಗೆ ಯಜಮಾನರು ಚಪ್ಪಲಿ ಮೆಟ್ಟಿ ನಿಂತಿದ್ದರು. "ಏನಾಯ್ತೇ?"

"ತಿರಸ್ಕಾರ ಆಯ್ತು."

"ಸದ್ಯ!" ಎಂದು ನಾಯಿಯ ಕಡೆ ತಿರುಗಿ, "ಚಲೋ," ಎಂದರು.

ನಾಯಿ ಎದ್ದಿತು. ಅದಕ್ಕೆ ಗೊತ್ತಿರುವುದು ಅದೊಂದೇ ಮಾತು.