ಕಂಬಳಿಯೊಳಗಿಂದ ಚಂದ್ರಮುಕುಟ

ಯಾದಗಿರಿಯ ಉದ್ಯಾನದ ಗೋಡೆಗೆ ಗಾರೆ ಮೆತ್ತಿಸಿದವರು ಪುರಸಭೆಯವರು. ಮನೆ ಕಳೆದುಕೊಂಡವು ಗೊರವಂಕಗಳು. ಒಂದು ಚಂದ್ರಮುಕುಟ ಹಕ್ಕಿಯ ಸಂಸಾರ ಉಳಿಯಿತು, ಅದೂ ಪುರಸಭೆಯ ಕೃಪೆಯಿಂದಲ್ಲ.

ಹೈದರಾಬಾದ್ ಸಂಸ್ಥಾನ ಭಾರತಕ್ಕೆ ಸೇರಿದ ಹೊಸತು. ನಾನು ಅಲ್ಲಿ ಶಾಲಾ ಮಾಸ್ತರನಾಗಿದ್ದೆ. ಮಂತ್ರಿಗಳು ಬರುತ್ತಾರೆಂದು ಉದ್ಯಾನದ ಹಳೆಯ ಕಲ್ಲುಗೋಡೆಯ ಸಂದುಗಳನ್ನೆಲ್ಲ ಮುಚ್ಚಲು ಅಪ್ಪಣೆಯಾಯಿತು. ಸಂದುಗಳಿಂದ ಮಂತ್ರಿಗಳಿಗೇನು ತೊಂದರೆಯೆಂದು ಯಾರೂ ಕೇಳಲಿಲ್ಲ. ಇದು ಮೊದಲನೆಯ ಅನ್ಯಾಯ. ಒಂದು ಸಂದಿನಲ್ಲಿ ಚಂದ್ರಮುಕುಟ ಮರಿ ಮಾಡಿತ್ತು. ಕೆಲಸದ ಉಸ್ತುವಾರಿ ಹೊತ್ತ ದಾರೋಗಾ ಸಾಹೇಬರಿಗೆ ಅದನ್ನು ತಿಳಿಸಿದೆ.

"ಬರೇ ಬಾಯಿ ಮಾತು ನಡೆಯಂಗಿಲ್ರಿ ಮಾಸ್ತರ. ಸಬೂತ್ ತರ್ರಿ," ಎಂದರು.

ಸಬೂತೆಂದರೆ ಪುರಾವೆ; ಮರಿಗಳ ಜೀವ ಒಂದು ಫೋಟೊದ ಮೇಲೆ ನಿಂತಿತು. ಮನುಷ್ಯನನ್ನು ಕಂಡರೆ ತಾಯಿಹಕ್ಕಿ ಗೂಡಿನ ಬಳಿ ಸುಳಿಯದು. ಆದ್ದರಿಂದ ನೆರೆಮನೆಯ ಕುರುಬರಿಂದ ಕರಿಕಂಬಳಿ ಎರವಲು ತಂದು, ಬೇವಿನ ಮರದಡಿ ಅದನ್ನು ಹೊದ್ದು, ಡಬ್ಬಿ ಕ್ಯಾಮೆರಾದೊಂದಿಗೆ ಕುಳಿತೆ. ಕುರುಬರು ಕಂಬಳಿಯನ್ನೇ ಗದ್ದುಗೆಯಾಗಿ ಹಾಸಿ ಪೂಜಿಸುತ್ತಾರೆಂಬುದು ಗೊತ್ತಿದ್ದೂ ನೆನಪಾಗಲಿಲ್ಲ.

ಹುಳು ಕಚ್ಚಿಕೊಂಡು ತಾಯಿ ಬಂತು. ತಲೆಯ ಜುಟ್ಟು ಬೀಸಣಿಗೆಯಂತೆ ಬಿಚ್ಚಿತು. ಅಷ್ಟರಲ್ಲಿ ನನ್ನ ತಲೆಯ ಮೇಲೆ ಒಂದು ಹಿಡಿ ಭಂಡಾರ, ಅಂದರೆ ಪೂಜೆಯ ಅರಿಶಿನ, ಬಿತ್ತು. ದೋರನಹಳ್ಳಿಯಿಂದ ಆಡು ಹುಡುಕುತ್ತ ಬಂದ ಮುದುಕಿಯೊಬ್ಬಳು ಕ್ಯಾಮೆರಾದ ಮುಂದೆಯೇ ಕೈಮುಗಿದು ನಿಂತಿದ್ದಳು.

"ಯಪ್ಪಾ, ನನ್ನ ಕರಿ ಆಡು ಸಿಕ್ರ ನಿನಗ ಹೋಳಿಗಿ ಮಾಡ್ತೀನಿ."

ನಾನು ಸೀನಿದೆ. ಸೀನಿನ ರಭಸಕ್ಕೆ ಕ್ಯಾಮೆರಾದ ಗುಂಡಿಯೂ ಒತ್ತಿಹೋಯಿತು.

"ಯವ್ವಾ, ದೇವ್ರು ಸೀನ್ತು!"

"ದೇವ್ರಲ್ಲ ಯವ್ವ, ಮಾಸ್ತರ ಅದೀನಿ," ಎಂದು ತಲೆ ಹೊರಹಾಕಿದೆ.

"ಮಾಸ್ತರ ಆದ್ರ ಸಾಲ್ಯಾಗ ಕುಂದ್ರು! ಕೊಡು ನನ್ನ ಭಂಡಾರ."

ಫೋಟೊ ತೊಳೆಸಿ ತಂದಾಗ ಅದರಲ್ಲಿದ್ದದ್ದು ಮುದುಕಿಯ ಮುಗಿದ ಕೈ ಮಾತ್ರ. ದಾರೋಗಾ ಸಾಹೇಬರು ಅದನ್ನು ತಿರುಗಿಸಿ ತಿರುಗಿಸಿ ನೋಡಿದರು.

"ಇದರ ರೆಕ್ಕಿ ಎಲ್ಲೈತ್ರಿ, ಮಾಸ್ತರ?"

ಗಾರೆ ಕೆಲಸದ ಗೌಂಡಿ ಆ ವೇಳೆಗೆ ಗೋಡೆಯನ್ನೆಲ್ಲ ಮೆತ್ತಿ ಕಡೆಯ ಸಂದಿಗೆ ಬಂದಿದ್ದ. ನಾನು ಅಡ್ಡ ನಿಂತೆ. ಸಾಹೇಬರು ನನ್ನನ್ನು ಸರಿಸಿ, "ನಾನೇ ನೋಡ್ತೀನಿ" ಎಂದು ಸಂದಿಗೆ ಮುಖವಿಟ್ಟರು. ಚಂದ್ರಮುಕುಟದ ಮರಿಗಳಿಗೆ ಹೆದರಿಕೆಯಾದರೆ ಹಿಕ್ಕೆಯನ್ನು ಪಿಚಕಾರಿಯಂತೆ ಹಾರಿಸುವ ವಿದ್ಯೆ ಹುಟ್ಟಿನಿಂದಲೇ ಬಂದಿರುತ್ತದೆ. ಇವು ಗುರಿ ತಪ್ಪಲಿಲ್ಲ.

"ಹಕ್ಕೀನ ಐತಿ," ಎಂದು ಸಾಹೇಬರು ಮೀಸೆ ಒರೆಸಿಕೊಂಡರು. "ಇದೊಂದು ಬಿಡೋ."

ಉಳಿದ ಸಂದುಗಳ ಪರವಾಗಿ ಯಾರೂ ಪಿಚಕಾರಿ ಹಾರಿಸಿರಲಿಲ್ಲ. ಗೂಡಿಗೆಂದು ಹುಲ್ಲುಕಡ್ಡಿ ತಂದ ಗೊರವಂಕಗಳು ಹಸಿ ಗಾರೆಯ ಮುಂದೆ ಕುಳಿತು ಸಂಜೆಯವರೆಗೆ ಬಯ್ದವು. ಯಾರನ್ನು ಬಯ್ದವೆಂಬುದರಲ್ಲಿ ನನಗೆ ಸಂಶಯವಿಲ್ಲ.

ಆದ್ದರಿಂದ ಪುರಸಭೆಯ ಅಧಿಕಾರಿಗಳೇ, ಇಂದಿಗೂ ನನ್ನ ಬೇಡಿಕೆ ಒಂದೇ: ಹಳೆಯ ಗೋಡೆಗೆ ಗಾರೆ ಮೆತ್ತಿಸುವ ಮುನ್ನ ಸಬೂತನ್ನು ನಮ್ಮಿಂದ ಕೇಳಬೇಡಿ, ಪ್ರತಿಯೊಂದು ಸಂದಿಗೂ ನಿಮ್ಮ ಮುಖವನ್ನೇ ಒಡ್ಡಿ ನೋಡಿ.