ಸ್ಟೆಲ್ಲಾ ಆಂಟಿಯ ಒದ್ದೆ ದಾರ

ನಾನು ಓದು ನಿಲ್ಲಿಸಿದ್ದು ತೊಂಬತ್ತೆಂಟರಲ್ಲಿ, ಏಳನೇ ಕ್ಲಾಸಿಗೆ. ಅದಾದ ಮೇಲೆ ನನ್ನನ್ನು ಪರೀಕ್ಷೆಗೆ ಕೂರಿಸಿದವರು ಒಬ್ಬರೇ, ಯಲಹಂಕ ಹಳೇ ಊರಿನ ಸ್ಟೆಲ್ಲಾ ಆಂಟಿ. ಅವರು ಲೇಸ್ ಹೆಣೆಯಲು ಕೂತರೆ ತೊಡೆಯ ಮೇಲಿನ ದಿಂಬಿನಿಂದ ಬೆರಳುದ್ದದ ನಲವತ್ತೆಂಟು ಮರದ ಬಾಬಿನ್‌ಗಳು ಇಳಿಬಿದ್ದು ಕಟಕಟ ಅನ್ನುತ್ತಿದ್ದವು. ಒಂದೊಂದಕ್ಕೂ ಸುತ್ತಿದ ಬಿಳಿ ದಾರ. ಆ ಸದ್ದು ಬೀದಿ ತುದಿಗೂ ಕೇಳುತ್ತಿತ್ತು.

ಐದು ವರ್ಷದ ಹಿಂದೆ ಅವರ ಮಗಳು ರೀಟಾಳ ಮದುವೆ ಗೊತ್ತಾಯಿತು. ಮುಸುಕಿನ ಲೇಸ್ ತಾವೇ ಹೆಣೆಯಬೇಕೆಂದು ಆಂಟಿಗೆ ಹಟ. ಹಳೆಯ ಬಾಬಿನ್‌ಗಳು ಸೀಳುಬಿಟ್ಟಿದ್ದರಿಂದ, ಮರ ಕಡೆಯುವ ನನ್ನ ಲೇತ್ ಹುಡುಕಿಕೊಂಡು ಬಂದರು. ನಾನಾಗ ರಾಜಾನುಕುಂಟೆ ಕಡೆಯವರಿಗೆ, ಸಕ್ಕರೆ ಕಾಯಿಲೆಗೆ ಒಳ್ಳೆಯದೆಂದು ಅವರು ಕೇಳುವ ಹೊನ್ನೆ ಮರದ ಲೋಟ ಮಾಡಿಕೊಡುತ್ತಿದ್ದೆ. ಅದೇ ಮರದಲ್ಲಿ ಬಾಬಿನ್ ಕಡೆದೆ. ಜೇನಿನ ಬಣ್ಣ, ನುಣುಪೆಂದರೆ ನುಣುಪು. ನನಗೋ ಜಂಬ.

ಎರಡು ವಾರಕ್ಕೆ ಹೇಳಿ ಕಳಿಸಿದರು. ಹೋಗಿ ನೋಡಿದರೆ ಲೇಸಿನ ತುಂಬ ಹಳದಿ ಮಚ್ಚೆ. ಬೇಸಿಗೆ, ಬೆರಳ ಬೆವರಿಗೆ ಮರ ಬಣ್ಣ ಬಿಟ್ಟಿತ್ತು.

“ಏನೋ ಮಂಜ, ಹೊನ್ನೆ ಲೋಟದಲ್ಲಿ ನೀರು ಬಣ್ಣ ತಿರುಗುತ್ತೆ ಅಂತ ಊರಿಗೆಲ್ಲ ತೋರಿಸ್ತೀಯ. ನನ್ನ ಕೈಯಲ್ಲಿ ನೀರಿಲ್ವಾ?”

“ತಪ್ಪಾಯ್ತು ಆಂಟಿ. ಅಂಗಡೀಲಿ ಲೇಸ್ ತಂದ್ಕೊಡ್ತೀನಿ.”

“ಅಂಗಡಿಗೆ ಹೋಗೋಕೆ ನೀನ್ಯಾಕೋ? ಇನ್ನೂ ಇಪ್ಪತ್ತು ದಿನ ಇದೆ. ನಿನ್ ಕೈ ಬಿದ್ದೋಗಿದ್ಯಾ, ನನ್ ಕೈ ಬಿದ್ದೋಗಿದ್ಯಾ? ಮಾಡ್ಕೊಂಡ್ ಬಾ, ಹೋಗು!”

ಎರಡು ವಾರದ ಕೆಲಸವನ್ನು ನನ್ನೆದುರೇ ಕತ್ತರಿಸಿ ಹಾಕಿದರು. ಆ ಕತ್ತರಿಯ ಸದ್ದು ನನಗೆ ಯಾವ ಮೇಷ್ಟರ ಏಟಿಗಿಂತಲೂ ಜೋರಾಗಿ ತಾಗಿತು.

ಚನ್ನಪಟ್ಟಣದಿಂದ ಆಲೆ ಮರ ತಂದೆ, ಗೊಂಬೆ ಮಾಡುವ ಬಿಳಿ ಮರ. ಪಾಲಿಷ್ ಮುಟ್ಟಿಸದೆ ನಾಲ್ಕು ದಿನದಲ್ಲಿ ಕಡೆದು ಒಯ್ದೆ. ಆಂಟಿ ಒಂದೊಂದಕ್ಕೂ ಒದ್ದೆ ದಾರ ಸುತ್ತಿ ಅಂಗಳದಲ್ಲಿ ಸಾಲಾಗಿ ಮಲಗಿಸಿದರು. ಸಂಜೆ ದಾರ ಬಿಚ್ಚಿ, ಕರವಸ್ತ್ರದ ಮೇಲಿಟ್ಟು, ಬಣ್ಣ ಹತ್ತಿದೆಯೇ ಎಂದು ಕನ್ನಡಕ ಏರಿಸಿ ನೋಡುತ್ತ ಹೋದರು. ನಾನು ಉಸಿರು ಬಿಟ್ಟಿದ್ದು ನಲವತ್ತೆಂಟನೆಯದು ಮುಗಿದ ಮೇಲೆ.

“ಫಸ್ಟ್ ಕ್ಲಾಸ್ ಕಣೋ!”

ಮದುವೆಯ ದಿನ ಮುಸುಕು ಹಾಲಿನ ಹಾಗಿತ್ತು. ಚರ್ಚಿನ ಮೆಟ್ಟಿಲ ಮೇಲೆ ಆಂಟಿ ನನ್ನ ತೋಳು ಹಿಡಿದೆಳೆದು ನೆಂಟರಿಗೆಲ್ಲ ಕೂಗಿ ಹೇಳಿದರು: “ಹೆಣೆದಿದ್ದು ನಾನು. ಆ ಬಿಳಿ ಮಾತ್ರ ನಮ್ಮ ಮಂಜಂದು!”

ಹೋದ ವರ್ಷ ಆಂಟಿ ತೀರಿಕೊಂಡರು. ದಿಂಬನ್ನು ಬಾಬಿನ್‌ಗಳ ಸಮೇತ ರೀಟಾ ನನಗೇ ತಂದುಕೊಟ್ಟಳು.

ಈಗ ನನ್ನ ಹತ್ತಿರ ಸ್ವಂತದ್ದೊಂದು ಶೆಡ್, ಮೂರು ಲೇತ್, ಐದು ಜನ ಕೆಲಸಗಾರರು, ಒಂದು ಲೇಸಿನ ದಿಂಬು, ಆಲೆ ಮರದ ನಲವತ್ತೆಂಟು ಬಾಬಿನ್. ಲೇತಿನ ಮೇಲಿನ ಮೊಳೆಗೆ ನೇತುಹಾಕಿರುವ, ಅಂದು ಬಣ್ಣ ಬಿಟ್ಟ ಹೊನ್ನೆಯ ಬಾಬಿನ್ ಒಂದು.